ಸಾವಿಗೆ ತುಂಬಿದ ಕೋವಿ

ಇದು ಸಿಟ್ಟಿನ ಕಥೆ. ಗುರುವಿಗೂ ಸಿಟ್ಟು, ಶಿಷ್ಯೆಗೂ ಸಿಟ್ಟು, ಹೇಳುವ ನನಗೂ ಸಿಟ್ಟೇ. ಶಾಂತವಾಗಿ ಹೇಳಪ್ಪ ಅಂದರೆ ನನ್ನ ಕೈಲಾಗದು.

ಗುರು ಅಂದರೆ ಬಿದ್ದಪ್ಪಜ್ಜ. ಪಲ್ಟನ್ನಿನಲ್ಲಿ ಇಪ್ಪತ್ತೆರಡು ವರ್ಷ ಕೋವಿ ರಿಪೇರಿ ಮಾಡಿ, ಹವಾಲ್ದಾರನಾಗಿ ರಿಟೈರಾಗಿ ಕೊಡಗಿಗೆ ವಾಪಸು ಬಂದವನು. ಹೊಳೆ ದಂಡೆಯಲ್ಲಿ ಒಂದು ತಗಡಿನ ಮಾಡು, ಒಂದು ಮೇಜು, ಮೇಜಿಗೆ ಬಿಗಿದ, ಕೋವಿಯನ್ನು ಕಚ್ಚಿ ಹಿಡಿಯುವ ಒಂದು ವೈಸು. ಆಶ್ರಮ ಅಂದರೆ ಅಷ್ಟೇ.

ಶಿಷ್ಯೆ ಬೊಳ್ಳಮ್ಮ. ಮೂವತ್ತನಾಲ್ಕು ವರ್ಷ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಿದ್ಯೆ ಕಲಿಯಲು ಬಂದವಳಲ್ಲ. ಉರಿದುಕೊಂಡು ಬಂದವಳು.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ಎರಡು ಗುಂಡು ಹಾರಿಸುತ್ತಾರೆ. ಬರೀ ಮದ್ದು, ಸೀಸ ಇಲ್ಲ. ಸದ್ದು ಕೇಳಿದವರು ವಿಷಯ ತಿಳಿದು ಬರುತ್ತಾರೆ. ಆಷಾಢದಲ್ಲಿ ಬೊಳ್ಳಮ್ಮನ ಅಪ್ಪ, ಬಸ್ ಡ್ರೈವರ್ ಉತ್ತಯ್ಯ, ತೀರಿಕೊಂಡ. ಇವಳೊಬ್ಬಳೇ ಮಗಳು. ಮನೆಯ ಕೋವಿಯನ್ನು ತಾನೇ ಗೋಡೆಯಿಂದ ಇಳಿಸಿದಳು, ಮದ್ದು ತುಂಬಿದಳು, ಅಂಗಳಕ್ಕೆ ಬಂದು ಆಕಾಶಕ್ಕೆ ಹಿಡಿದಳು.

ಚಟ್.

ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು, ಇನ್ನೊಂದನ್ನು ಕೂರಿಸಿದಳು.

ಚಟ್.

ಕೋವಿ ಹಾರಲೇ ಇಲ್ಲ.

ಅವಳ ಚಿಕ್ಕಪ್ಪನ ಮಗ ಪೂಣಚ್ಚ ನಕ್ಕ. ಹೆಣ ಇನ್ನೂ ನಡುಮನೆಯಲ್ಲಿದೆ, ಇವನು ಹಲ್ಲು ಕಿರಿದ. "ಹಿಡಿದಿರೋದು ಯಾರು ಅಂತ ಕೋವಿಗೂ ಗೊತ್ತಾಯ್ತು ನೋಡಿ" ಅಂದ. ತನ್ನ ಮನೆಯಿಂದ ಕೋವಿ ತರಿಸಿ ಎರಡು ಗುಂಡು ಹಾರಿಸಿದ.

ನಾನೂ ಅಲ್ಲೇ ಇದ್ದೆ. ನಗಲಿಲ್ಲ. ಆದರೆ "ಬಾಯಿ ಮುಚ್ಚೋ" ಅಂತಲೂ ಅನ್ನಲಿಲ್ಲ. ಅದಕ್ಕೇ ಹೇಳಿದ್ದು, ನನಗೂ ಸಿಟ್ಟು ಅಂತ.

ಕೈಲ್ ಮುಹೂರ್ತಕ್ಕೆ ಇಪ್ಪತ್ತು ದಿನ ಇರುವಾಗ ಬೊಳ್ಳಮ್ಮ ಅಜ್ಜನ ಮಾಡಿಗೆ ಬಂದಳು. ಕೋವಿಗಳಿಗೆ ಪೂಜೆ ಮಾಡಿ, ಮೈದಾನದಲ್ಲಿ ಊರೆಲ್ಲ ಸೇರಿ ತೆಂಗಿನಕಾಯಿಗೆ ಗುರಿಯಿಡುವ ಹಬ್ಬ ಅದು. ಅವಳ ಹೆಗಲ ಮೇಲೆ ಮನೆಯ ಕೋವಿ. ನೂರೈವತ್ತು ವರ್ಷ ಹಿಂದಿನ ಪಲ್ಟನ್ ಕೋವಿ, ಬಾಯಿಂದ ಮದ್ದು ಜಡಿದು ಹಿಂದೆ ಕೇಪು ಕೂರಿಸುವಂಥದ್ದು.

"ಕೋವಿ ಬಾಯಿ ಆಚೆ ತಿರುಗಿಸು" ಅಂದ ಅಜ್ಜ. ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ.

ಅವಳು ತಿರುಗಿಸಿದಳು.

"ಕಾಗದಪತ್ರ?"

"ಎಲ್ಲ ಸರಿಯಿದೆ ಅಜ್ಜ. ನನಗೆ ಈ ಕೋವಿ ಹಾರಬೇಕು. ಮೈದಾನದಲ್ಲಿ, ಎಲ್ಲರೆದುರು, ಅಪ್ಪನ ಹೆಸರಲ್ಲಿ ಎರಡು ಗುಂಡು. ಆ ಪೂಣಚ್ಚನ ಕಿವಿ ಗುಂಯ್ ಅನ್ನಬೇಕು."

ಅಜ್ಜ ಕೋವಿಯನ್ನು ಬೆಳಕಿಗೆ ಹಿಡಿದ. ನಳಿಗೆ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

"ಯಾರು ಇದನ್ನು ಉಜ್ಜಿದ್ದು?"

"ನಾನೇ. ಎಮರಿ ಪೇಪರ್ ಹಾಕಿ ನಾಲ್ಕು ದಿನ ಉಜ್ಜಿದೆ." ಅವಳ ದನಿಯಲ್ಲಿ ಹೆಮ್ಮೆ.

"ಇಲ್ಲಿ ಪಲ್ಟನ್ನಿನ ನಂಬರು ಇತ್ತು. ಎಲ್ಲಿ?"

ಬೊಳ್ಳಮ್ಮ ಬಗ್ಗಿ ನೋಡಿದಳು. ಇರಲಿಲ್ಲ.

"ಇದೇನು ಪಾಯಸದ ಪಾತ್ರೆಯಾ? ನೂರೈವತ್ತು ವರ್ಷ ನಿಂತ ಬಣ್ಣ. ನಾಲ್ಕು ದಿನದಲ್ಲಿ ತಿಕ್ಕಿ ಹಾಕಿದ್ದೀಯಲ್ಲ! ಮೇಲೆ ಥಳಕು, ಒಳಗೆ ಹುಳುಕು. ಒಳಗೆ ನೋಡಿದ್ದೀಯಾ?"

"ಒಳಗೇನಿದೆ? ಖಾಲಿ."

"ಖಾಲಿ ಅಂತ ಯಾರು ಹೇಳಿದ್ದು?"

"ನಾನೇ ಹೇಳ್ತಿದ್ದೀನಲ್ಲ! ಖಾಲಿ ಅಂದರೆ ಖಾಲಿ."

ಅಜ್ಜ ಮದ್ದು ಜಡಿಯುವ ಕಬ್ಬಿಣದ ಕಡ್ಡಿಯನ್ನು ಕೋವಿಯಿಂದ ಎಳೆದು ಅವಳ ಕೈಗೆ ತುರುಕಿದ.

"ಬಾಯಲ್ಲಿ ಹೇಳಬೇಡ. ಕಡ್ಡಿ ಇಳಿಸಿ ನೋಡು."

ಅವಳು ಇಳಿಸಿದಳು. ಠಕ್ ಅಂತ ನಿಂತಿತು. ನಳಿಗೆಯ ಬಾಯಿಯ ಹತ್ತಿರ ಕಡ್ಡಿಗೆ ಅಜ್ಜ ಸುಣ್ಣದ ಗೆರೆ ಹಾಕಿಸಿದ. ಹೊರತೆಗೆದು ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಹಿಡಿಸಿದ. ಕಡ್ಡಿಯ ತುದಿ ಬುಡ ಮುಟ್ಟಲಿಲ್ಲ. ಒಂದು ಗೇಣು, ಮೇಲೆ ನಾಲ್ಕು ಬೆರಳು ಬಾಕಿ ಉಳಿಯಿತು.

"ಹಾಗಂದರೆ?"

"ಹಾಗಂದರೆ ಒಂದು ಗೇಣು ನಾಲ್ಕು ಬೆರಳು ತುಂಬಿದೆ."

"ನಾನು ತುಂಬಿದ್ದು ನಾಲ್ಕೇ ಬೆರಳು ಅಜ್ಜ!"

"ಹಾರದೆ ಹೋದದ್ದನ್ನು ಆಮೇಲೆ ಹೊರಗೆ ತೆಗೆದೆಯಾ?"

"ಇಲ್ಲ. ಸಾವಿಗೆ ತುಂಬಿದ್ದನ್ನು ಬಿಚ್ಚಬಾರದು. ನಮ್ಮ ಮನೆ ಶಾಸ್ತ್ರ."

"ಯಾರು ಮಾಡಿದ್ದು ಆ ಶಾಸ್ತ್ರ?"

"ನನ್ನ ಅಜ್ಜನ ಕಾಲದಿಂದ ಬಂದಿದೆ."

"ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳೋ ಜಾತಿ ನೀವು" ಅಂತ ಅಜ್ಜ ಬೈದ. ಬೈಯುವಾಗ ಅವಳ ಕಡೆ ನೋಡದೆ ಕೋವಿಯನ್ನೇ ನೋಡುತ್ತಿದ್ದ. ಕೋವಿ ಹಾಳಾಯಿತಲ್ಲ, ಅದಕ್ಕೆ ಅಂದುಕೊಂಡಳು ಬೊಳ್ಳಮ್ಮ.

ಮೊದಲು ನೀರು. ನಳಿಗೆಯ ಬಾಯಿಂದ ನೀರು ಸುರಿದು ಮೂರು ದಿನ ನೆನೆಹಾಕಿದರು, ಮದ್ದು ಸಾಯಲಿ ಅಂತ. ಮೂರು ದಿನವೂ ಬೊಳ್ಳಮ್ಮ ಸ್ಕೂಲು ಬಿಟ್ಟೊಡನೆ ಬಂದು ಕೂರುತ್ತಿದ್ದಳು.

"ಬೇಗ ಆಗಲ್ವಾ ಅಜ್ಜ?"

"ಆಗುತ್ತೆ. ಒಂದು ಕೆಂಡ ಇಡು, ಈಗಲೇ ಆಗುತ್ತೆ."

ಅವಳು ಮುಖ ಊದಿಸಿಕೊಂಡು ಕೂತಳು.

ಕೇಪು ಕೂರುವ ಪುಟ್ಟ ಕೊಳವೆಯನ್ನು ಅಜ್ಜ ಬಿಚ್ಚಿ ಅವಳ ಅಂಗೈಗೆ ಹಾಕಿದ. "ಊದು."

ಊದಿದಳು. ಗಾಳಿ ಹೋಗಲಿಲ್ಲ. ಸೂಜಿಯಿಂದ ಕೆದಕಿದಳು. ಹಳದಿ ಪುಡಿ, ಕೆಂಪು ಪುಡಿ, ಎಣ್ಣೆ ಜಿಡ್ಡು. ವರ್ಷ ವರ್ಷ ಪೂಜೆಗೆ ಹಚ್ಚಿದ ಗಂಧ, ಕುಂಕುಮ. ತೂತು ಪೂರ್ತಿ ಮುಚ್ಚಿಹೋಗಿತ್ತು.

"ಕೇಪಿನ ಕಿಡಿ ಒಳಗೆ ಹೋಗೋದು ಈ ತೂತಿಂದ" ಅಂದ ಅಜ್ಜ. "ಪೂಜೆ ಮಾಡಿ ಮಾಡಿ ಮುಚ್ಚಿದ್ದೀರಿ. ನಿನ್ನ ಕೋವಿ ಹಾರದೆ ಹೋದದ್ದು ಹೆಂಗಸು ಹಿಡಿದಳು ಅಂತಲ್ಲ. ಆ ಪೂಣಚ್ಚನಿಗೆ ತಲೆಯಿಲ್ಲ, ನಿನಗೆ ಸೂಜಿಯಿಲ್ಲ."

"ಪೂಜೆ ಮಾಡೋದು ತಪ್ಪಾ ಹಾಗಾದರೆ?"

"ಮಾಡು. ಮಾರನೇ ದಿನ ಒರೆಸು."

ನಾಲ್ಕನೇ ದಿನ ಅಜ್ಜ ತುದಿಯಲ್ಲಿ ಸುರುಳಿಯಿದ್ದ ಇನ್ನೊಂದು ಕಡ್ಡಿ ಕೊಟ್ಟ. ಒಳಗೆ ಬಿಟ್ಟು ತಿರುಗಿಸಿದರೆ ಅದು ತುಂಬಿದ್ದನ್ನು ಕಚ್ಚಿ ಎಳೆದು ತರುತ್ತದೆ. ನಳಿಗೆಯ ಎದುರು ಮುಖ ತರಬಾರದು ಅಂತ ಹತ್ತು ಸಲ ಹೇಳಿದ. ಹನ್ನೊಂದನೇ ಸಲ ಅವಳ ತಲೆ ಹಿಡಿದು ಪಕ್ಕಕ್ಕೆ ತಳ್ಳಿದ.

ಮೊದಲು ಬಂದದ್ದು ತೆಂಗಿನ ನಾರು ಮತ್ತು ಹೂವಿನಂಚಿನ ಕರ್ಚೀಫಿನ ಚೂರು. ಮದ್ದು ಚೆಲ್ಲದ ಹಾಗೆ ಆಷಾಢದಲ್ಲಿ ಅವಳೇ ಅದರ ಮೇಲೆ ಜಡಿದದ್ದು. ಅದರ ಹಿಂದೆ ಕಪ್ಪು ರಾಡಿಯಾದ ಮದ್ದು.

ಎರಡನೆಯದು ಗಟ್ಟಿಯಿತ್ತು. ಹಲ್ಲು ಕಚ್ಚಿ ಎಳೆದಳು. ಬಟ್ಟೆಯ ಉಂಡೆ. ಬಿಡಿಸಿದಳು. ಖಾಕಿ.

ಬೊಳ್ಳಮ್ಮ ಅದನ್ನು ನೋಡುತ್ತಾ ನಿಂತಳು. ಅವಳ ಮನೆಯಲ್ಲಿ ಖಾಕಿ ಹಾಕುತ್ತಿದ್ದವನು ಒಬ್ಬನೇ.

"ಇದು ಅಪ್ಪನ ಶರ್ಟು."

ಅಜ್ಜ ಸುರುಳಿ ಕಡ್ಡಿಯನ್ನು ಒರೆಸತೊಡಗಿದ.

"ಅಪ್ಪ ಯಾವಾಗ ತುಂಬಿದ? ನನ್ನ ಅಜ್ಜ ಸತ್ತಾಗ ಒಂದೇ ಸಲ ಅವನು ಈ ಕೋವಿ ಮುಟ್ಟಿದ್ದು. ಆವತ್ತು ಹಾರಿತಲ್ಲ! ಎಷ್ಟು ಸಲ ಹೇಳಿದ್ದಾನೆ. 'ನಮ್ಮಪ್ಪನಿಗೆ ನಾನು ಹಾರಿಸಿದೆ, ಮೂರು ಗುಡ್ಡದಾಚೆ ಕೇಳಿಸಿತು, ನಾಳೆ ನನಗೆ ನೀನು ಹಾರಿಸಬೇಕು' ಅಂತ. ನನಗಾಗ ಎಂಟು ವರ್ಷ. ನನ್ನ ಕಿವಿಯಾರೆ ಕೇಳಿದ್ದೀನಿ ಎರಡು ಗುಂಡು!"

"ಕೇಳಿದ್ದೀಯ. ಹೊಡೆದದ್ದು ನಾನು."

ಬೊಳ್ಳಮ್ಮ ತಿರುಗಿ ಅಜ್ಜನ ಮುಖ ನೋಡಿದಳು.

"ದನದ ಕೊಟ್ಟಿಗೆ ಹಿಂದೆ ನಿಂತಿದ್ದೆ" ಅಂದ ಅಜ್ಜ. "ನಿಮ್ಮಪ್ಪನ ಕೋವಿ ಚಟ್ ಅಂತು. ಅವನ ಮುಖ ನೋಡೋಕೆ ಆಗಲಿಲ್ಲ. ನನ್ನ ಕೋವಿ ಎತ್ತಿ ಎರಡು ಹಾರಿಸಿಬಿಟ್ಟೆ. ಮಳೆ, ಹೊಗೆ, ಅಳು, ಯಾರಿಗೂ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು."

"ಆಮೇಲೆ?"

"ಮಾರನೇ ದಿನ ಹೋದೆ. 'ಉತ್ತಯ್ಯ, ಅದು ತುಂಬಿದ ಕೋವಿ, ತಾ, ಖಾಲಿ ಮಾಡಿಕೊಡ್ತೀನಿ' ಅಂದೆ. 'ನಮ್ಮ ಕೋವಿ ಹಾರಿತು, ನಿಮಗೇನು?' ಅಂತ ಬಾಗಿಲು ಹಾಕಿಕೊಂಡ. ನನಗೆ ನೆತ್ತಿಗೇರಿತು. ಮಾನ ಉಳಿಸಿದವನಿಗೇ ಬಾಗಿಲು ಹಾಕುತ್ತಾನಲ್ಲ, ಹಾಳಾಗಿ ಹೋಗಲಿ ಅಂದೆ. ಇಪ್ಪತ್ತಾರು ವರ್ಷ ಆ ಮನೆ ಕಡೆ ತಲೆಹಾಕಲಿಲ್ಲ."

ಬೊಳ್ಳಮ್ಮನ ಮುಖ ಕೆಂಪಾಯಿತು.

"ಅಂದರೆ ನಿಮಗೆ ಗೊತ್ತಿತ್ತು. ಈ ಕೋವಿ ತುಂಬಿದೆ ಅಂತ."

"ಗೊತ್ತಿತ್ತು."

"ಒಂದು ದಿನ ನಾನು ಇದನ್ನು ಇಳಿಸ್ತೀನಿ, ಇದರ ಮೇಲೇ ಮದ್ದು ತುಂಬ್ತೀನಿ ಅಂತ ಗೊತ್ತಿತ್ತು."

"ಇಳಿಸಬಹುದು ಅಂತ ಗೊತ್ತಿತ್ತು."

"ಹಾರಿದ್ದರೆ?"

"ನಳಿಗೆ ಸಿಡಿದು ಮುಖಕ್ಕೆ ಬರುತ್ತಿತ್ತು. ನಿನ್ನಪ್ಪನ ಪಕ್ಕದಲ್ಲೇ ನಿನ್ನನ್ನೂ ಮಲಗಿಸುತ್ತಿದ್ದರು."

"ಥೂ!" ಅಂದಳು ಬೊಳ್ಳಮ್ಮ. "ಅವನು ಸುಳ್ಳ. ನೀವು ಕೊಲೆಗಾರ."

"ಹೌದು" ಅಂದ ಅಜ್ಜ.

ಅವಳು ಖಾಕಿ ಚೂರನ್ನು ಮೇಜಿನ ಮೇಲೆ ಎಸೆದು ಹೊರಟಳು. ತಡೆಯಲಿಲ್ಲ ಅವನು. ತಡೆಯಲು ಅವನ ಹತ್ತಿರ ಏನಿತ್ತು? ನಾನಾಗಿದ್ದರೆ ಮೇಜೇ ಮಗುಚುತ್ತಿದ್ದೆ.

ಐದು ದಿನ ಅವಳು ಬರಲಿಲ್ಲ. ಮನೆಯಲ್ಲಿ ಅಪ್ಪನ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟಳಂತೆ. ಸ್ಕೂಲಿನ ಮಕ್ಕಳಿಗೆ ಮೈದಾನವನ್ನು ಹತ್ತು ಸುತ್ತು ಹೊಡೆಸಿದಳಂತೆ. ಪಾಪ, ಅವರೇನು ಮಾಡಿದ್ದರು?

ಆರನೇ ದಿನ ಬಂದಳು.

ಕೋವಿ ವೈಸಿನಲ್ಲಿ ಹಾಗೇ ಇತ್ತು. ಸುರುಳಿ ಕಡ್ಡಿ ಪಕ್ಕದಲ್ಲಿ ಹಾಗೇ ಇತ್ತು. ಕೋವಿಯ ಒಳಗೆ ಇನ್ನೂ ನಾಲ್ಕೈದು ಬೆರಳು ತುಂಬಿದ್ದು ಉಳಿದಿತ್ತು.

"ನೀವೇ ತೆಗೆಯಬಹುದಿತ್ತಲ್ಲ?"

"ಕೋವಿ ಯಾರದು?"

ಬೊಳ್ಳಮ್ಮ ಕಡ್ಡಿ ಎತ್ತಿಕೊಂಡಳು. ಅಜ್ಜನ ಮುಖ ನೋಡಲಿಲ್ಲ. ನೋಡದೇ ಕೇಳಿದಳು, "ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಆದರೂ ಕಲಿಸ್ತೀರಾ?"

"ಸಿಟ್ಟು ನಿನ್ನ ಹತ್ತಿರ ಇರಲಿ. ಮುಖ ಪಕ್ಕಕ್ಕಿರಲಿ."

ಮೂರನೆಯದು ಕಲ್ಲಿನ ಹಾಗೆ ಕೂತಿತ್ತು. ಎರಡು ತಾಸು ತಿರುಗಿಸಿದಳು. ಕೊನೆಗೆ ಬಂದದ್ದು ಬೈಹುಲ್ಲಿನ ಉಂಡೆ, ಅದಕ್ಕೆ ಸುತ್ತಿದ ಕೆಂಪು ರೇಷ್ಮೆಯ ಎಳೆ. ನಮ್ಮ ಗಂಡಸರು ಉದ್ದ ಕುಪ್ಪಸದ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆಯದು.

"ಇದು ಯಾರದು?" ಅಂತ ಕೇಳಿ, ಕೇಳಿದ ಮೇಲೆ ತಾನೇ ಉತ್ತರ ಕಂಡುಕೊಂಡಳು. "ನನ್ನ ಅಜ್ಜ. ಅವನ ಅಪ್ಪ ಸತ್ತಾಗ."

"ಅರವತ್ತು ವರ್ಷದ ಮೇಲಾಯಿತು. ನಾನಾಗ ಪಲ್ಟನ್ನಿಗೆ ಸೇರಿರಲಿಲ್ಲ."

"ಅವನಿಗೂ ಹಾರಲಿಲ್ಲ."

"ಹಾರಿದ್ದರೆ ಇದು ಇಲ್ಲಿ ಇರುತ್ತಿತ್ತಾ?"

ಬೊಳ್ಳಮ್ಮ ಮೆಲ್ಲಗೆ ಕೂತಳು. ಸಾವಿಗೆ ತುಂಬಿದ್ದನ್ನು ಬಿಚ್ಚಬಾರದು. ಆ ಶಾಸ್ತ್ರ ಯಾರು, ಯಾಕೆ ಮಾಡಿದರು ಅಂತ ಈಗ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಚ್ಚಿದರೆ ತಾನೇ ಗೊತ್ತಾಗುವುದು!

"ಮೂರೂ ಜನ" ಅಂದಳು. "ಮೂರೂ ಜನಕ್ಕೆ ಹಾರಲಿಲ್ಲ. ನನ್ನ ಅಜ್ಜ ಶಾಸ್ತ್ರ ಮಾಡಿದ, ಅಪ್ಪ ಸುಳ್ಳು ಹೇಳಿದ. ನಾನು..."

"ನೀನು ಉಜ್ಜಿದೆ."

ಹುಲ್ಲಿನ ಉಂಡೆಯ ಹಿಂದೆ ಮದ್ದು ಹೆಪ್ಪುಗಟ್ಟಿತ್ತು. ನೀರು ಅಲ್ಲಿಯವರೆಗೆ ಇಳಿದಿರಲಿಲ್ಲ. ಒಣಗಿದ ಕಪ್ಪು ಪುಡಿ ಮರದ ಹಲಗೆಯ ಮೇಲೆ ಉದುರಿತು.

"ಇಷ್ಟು ಹಳೇದು. ಸತ್ತುಹೋಗಿರುತ್ತೆ ಬಿಡಿ ಅಜ್ಜ."

ಅಜ್ಜ ಭತ್ತದ ಕಾಳಿನಷ್ಟು ಪುಡಿಯನ್ನು ಬೇರೆ ಮಾಡಿದ. ಉಳಿದದ್ದನ್ನೆಲ್ಲ ಬಕೆಟ್ ನೀರಿಗೆ ಸುರಿದ. ಆ ಕಾಳಿನಷ್ಟನ್ನು ಹೊಳೆಯ ಬಂಡೆಯ ಮೇಲೆ ಒಯ್ದು ಇಟ್ಟು, ಉದ್ದ ಬಿದಿರಿನ ತುದಿಗೆ ಕೆಂಡ ಕಟ್ಟಿ ಅವಳ ಕೈಗೆ ಕೊಟ್ಟ.

"ಮುಟ್ಟಿಸು."

ಮುಟ್ಟಿಸಿದಳು.

ಭುಸ್ ಅಂತ ಎದ್ದಿತು ಬೆಂಕಿ. ಬಂಡೆ ಕಪ್ಪಾಯಿತು. ಬೊಳ್ಳಮ್ಮ ಎರಡು ಹೆಜ್ಜೆ ಹಿಂದೆ ಹಾರಿ ನೀರಿಗೆ ಬಿದ್ದಳು.

ಎದ್ದು ಬಂಡೆಯ ಮೇಲಿನ ಕಪ್ಪು ಕಲೆಯನ್ನು ನೋಡಿದಳು. ಆ ಇಪ್ಪತ್ತು ದಿನದಲ್ಲಿ ಅವಳು ಹೆದರಿದ್ದು ಅದೇ ಮೊದಲು. ಹೆದರಿಕೆಯಲ್ಲೇ ಅತ್ತಳು. ಅಪ್ಪ ಸತ್ತ ದಿನವೂ ಅತ್ತಿರಲಿಲ್ಲ, ಅವತ್ತು ನಾಚಿಕೆಗೇ ಸಮಯ ಸಾಲದೆ ಹೋಗಿತ್ತು.

ಅಜ್ಜ ಸಮಾಧಾನ ಮಾಡಲಿಲ್ಲ. ಟವೆಲ್ ಎಸೆದ.

ಆಮೇಲಿನ ಕೆಲಸ ಸದ್ದಿಲ್ಲದ ಕೆಲಸ. ಕುದಿಯುವ ನೀರು ಸುರಿದು ನಳಿಗೆ ತೊಳೆದಳು. ಬಟ್ಟೆ ಕಪ್ಪಾಗಿ ಬಂತು, ಆಮೇಲೆ ಕಂದು, ಆಮೇಲೆ ಬಿಳಿ. ಎಣ್ಣೆ ಹಾಕಿದಳು. ಅಜ್ಜ ಒಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ. ತುಕ್ಕು ತಿಂದಿತ್ತು, ಆದರೆ ಒಳಗಿಳಿದಿರಲಿಲ್ಲ. ಕೊಳವೆ ಹೊಸದು ಹಾಕಿದರು. ಕೇಪಿನ ಮೇಲೆ ಬಡಿಯುವ ಕುದುರೆ ಸಡಿಲವಾಗಿತ್ತು, ಬಿಗಿಮಾಡಿದರು.

ಹಬ್ಬಕ್ಕೆ ಎರಡು ದಿನ ಉಳಿದಾಗ ಕೋವಿ ತಯಾರಾಯಿತು.

ಬೊಳ್ಳಮ್ಮ ಭುಜಕ್ಕೆ ಏರಿಸಿದಳು. "ಹೊಡೀಲಾ?"

ಅಜ್ಜ ಅವಳ ಕೈಯಿಂದ ಕಿತ್ತುಕೊಂಡ. ಹಳೆಯ ಲಾರಿ ಟಯರೊಂದನ್ನು ಮಣ್ಣಿನ ದಿಬ್ಬದ ಎದುರು ಉರುಳಿಸಿಕೊಂಡು ಬಂದ.

"ಇದಕ್ಕೆ ಕಟ್ಟು. ಟ್ರಿಗರಿಗೆ ಹಗ್ಗ ಹಾಕು. ಆ ಬಂಡೆ ಹಿಂದೆ ಹೋಗಿ ಎಳೆ."

"ಕಳ್ಳನನ್ನು ಕಟ್ಟೋ ಹಾಗೆ ಕಟ್ಟೋದಾ? ನಮ್ಮ ಮನೆ ಕೋವಿ ಅಜ್ಜ ಇದು! ಇಷ್ಟೆಲ್ಲ ಮಾಡಿದ ಮೇಲೂ ನಿಮಗೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ಅದಕ್ಕೇ ಹಗ್ಗ ಉದ್ದ ಇಟ್ಟಿದ್ದೀನಿ."

"ಅದು ಯಾವ ಸೀಮೆ ನಂಬಿಕೆ?"

"ನಿಮ್ಮ ಮನೆಯಲ್ಲಿ ಮೂರು ತಲೆ ಕೋವಿಯನ್ನು ನಂಬಿತು. ಕೈ ಮುಗಿದು ನಂಬಿತು. ನಾನು ಕಟ್ಟಿ ನಂಬ್ತೀನಿ. ಕಟ್ಟು!"

ಕಟ್ಟಿದಳು. ಮೊದಲು ಅರ್ಧ ಮದ್ದು. ಆಮೇಲೆ ಪೂರ್ತಿ. ಆಮೇಲೆ ಪೂರ್ತಿಗಿಂತ ತುಸು ಹೆಚ್ಚು. ಪ್ರತಿ ಸಲ ಬಂಡೆಯ ಹಿಂದೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಹಗ್ಗ ಎಳೆದರು. ಪ್ರತಿ ಸಲ ಎದ್ದು ಹೋಗಿ, ಒರೆಸಿ, ಬಿರುಕು ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಿದರು. ಮೂರು ಸಲವೂ ಕೋವಿ ಗುಡುಗಿತು. ಮೂರು ಸಲವೂ ತಡೆಯಿತು.

ಮೂರನೇ ಸದ್ದಿಗೆ ಬೊಳ್ಳಮ್ಮ ಕೇಕೆ ಹಾಕಿದಳು. "ಪೂಣಚ್ಚಾ, ಬಾರೋ ಈಗ! ನಮ್ಮಪ್ಪನ ಕೋವಿ ಯಾವತ್ತೂ ಹೀಗೇ ಹಾರ್ತಿತ್ತು ಅಂತ ಹೇಳ್ತೀನಿ. ಆವತ್ತು ಮಳೆಗೆ ಮದ್ದು ಒದ್ದೆಯಾಗಿತ್ತು, ಅಷ್ಟೇ ಅಂತೀನಿ!"

ಅಜ್ಜ ಹಗ್ಗವನ್ನು ನೆಲಕ್ಕೆ ಬಿಸಾಡಿದ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ತಾನು ನೋಡಿರಲಿಲ್ಲ ಅಂತ ಆಮೇಲೆ ಬೊಳ್ಳಮ್ಮನೇ ನನಗೆ ಹೇಳಿದಳು.

"ಮತ್ತೆ ತುಂಬಿದೆಯಾ? ಮೊನ್ನೆ ತಾನೇ ಖಾಲಿ ಮಾಡಿದ್ದು, ಇವತ್ತೇ ಮತ್ತೆ ಸುಳ್ಳು ಜಡೀತೀಯಾ?"



ಅಜ್ಜ ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದ. ಅದರಲ್ಲಿ ಕರ್ಚೀಫಿನ ಚೂರು, ಖಾಕಿ ಚೂರು, ರೇಷ್ಮೆ ಸುತ್ತಿದ ಹುಲ್ಲಿನ ಉಂಡೆ.

"ಕೋವಿ ತಗೊಂಡು ಹೋಗುವಾಗ ಇದನ್ನೂ ತಗೊಂಡು ಹೋಗು. ಇಲ್ಲದಿದ್ದರೆ ಎರಡನ್ನೂ ಇಲ್ಲೇ ಬಿಟ್ಟು ಹೋಗು."

ಹಬ್ಬದ ದಿನ ಮೈದಾನದಲ್ಲಿ ಊರೇ ಸೇರಿತ್ತು. ಮೇಜಿನ ಮೇಲೆ ಕೋವಿಗಳ ಸಾಲು. ಗಂಧ ಹಚ್ಚಿ, ಬೆಂಕಿ ಬಣ್ಣದ ಕೋವಿ ಹೂ ಸಿಕ್ಕಿಸಿ ಪೂಜೆಯಾಗಿತ್ತು. ಪೂಣಚ್ಚ ಮುಂದೆಯೇ ನಿಂತಿದ್ದ. ಬಿದ್ದಪ್ಪಜ್ಜನೂ ಬಂದಿದ್ದ. ಎಷ್ಟೋ ವರ್ಷದ ಮೇಲೆ.

ಬೊಳ್ಳಮ್ಮ ಕೋವಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಡಬ್ಬಿ ಇಟ್ಟಳು. ಮುಚ್ಚಳ ತೆಗೆದಳು.

"ಏನಕ್ಕ, ಬಿಸ್ಕತ್ ಹಂಚ್ತೀಯಾ?" ಅಂದ ಪೂಣಚ್ಚ. ನಾಲ್ಕು ಜನ ನಕ್ಕರು.

ಅವಳ ಕತ್ತಿನ ನರ ಉಬ್ಬಿತು. ನನಗೆ ಕಾಣಿಸಿತು. ಆದರೂ ಮಾತು ನಿಧಾನ ಬಂತು.

"ಆಷಾಢದಲ್ಲಿ ನಮ್ಮ ಕೋವಿ ಹಾರಲಿಲ್ಲ. ಇದು ನಾನು ಜಡಿದದ್ದು. ಅದಕ್ಕಿಂತ ಮೊದಲು ನಮ್ಮಪ್ಪನಿಗೂ ಹಾರಲಿಲ್ಲ. ಇದು ಅವನದು, ಅವನ ಖಾಕಿ ಶರ್ಟು. ಹಾರಿತು ಅಂತ ಅವನು ಹೇಳಿದ್ದು ಸುಳ್ಳು. ಅವನಿಗಿಂತ ಮೊದಲು ನಮ್ಮಜ್ಜನಿಗೂ ಹಾರಲಿಲ್ಲ. ಇದು ಅವನದು. ಮೂರನ್ನೂ ಒಂದರ ಮೇಲೊಂದು ಜಡಿದು ಗೋಡೆಗೆ ತೂಗುಹಾಕಿ ಪೂಜೆ ಮಾಡಿದ್ದೀವಿ."

ಯಾರೂ ನಗಲಿಲ್ಲ. ಹಿರಿಯರೊಬ್ಬರು, "ಹಬ್ಬದ ದಿನ ಸತ್ತವರ ಮಾನ ಯಾಕಮ್ಮ ತೆಗೀತೀಯ?" ಅಂದರು.

"ಮಾನ ತೆಗೀತಿಲ್ಲ, ಮದ್ದು ತೆಗೆದೆ" ಅಂದಳು. "ನನ್ನ ಪುಣ್ಯ, ತೂತು ಮುಚ್ಚಿತ್ತು. ಇಲ್ಲದಿದ್ದರೆ ಇದನ್ನು ಹೇಳೋಕೆ ನಾನೇ ಇರುತ್ತಿರಲಿಲ್ಲ."

ಆಗ ನನ್ನ ಈ ಬಾಯಿ ತೆರೆಯಿತು, ಎರಡು ತಿಂಗಳು ತಡವಾಗಿ. "ಅವಳು ಹೇಳಲಿ, ಬಿಡಿ!" ಅಂದೆ. ಹಿರಿಯರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ.

ಬೊಳ್ಳಮ್ಮ ಎಲ್ಲರೆದುರು ಕಡ್ಡಿ ಇಳಿಸಿದಳು. ಬುಡದವರೆಗೆ ಹೋಯಿತು, ಟಣ್ ಅಂತ. ಮದ್ದು ತುಂಬಿದಳು. ಕೇಪು ಕೂರಿಸಿದಳು. ಆಕಾಶಕ್ಕೆ ಹಿಡಿದಳು.

ಮೊದಲ ಗುಂಡಿಗೆ ಮರದ ಕಾಗೆಗಳೆಲ್ಲ ಎದ್ದವು. ಒರೆಸಿ, ಮತ್ತೆ ತುಂಬಿ, ಎರಡನೆಯದನ್ನು ಹಾರಿಸಿದಳು.

"ಅಪ್ಪಾ!" ಅಂತ ಕೂಗಿದಳು. ಸಿಟ್ಟಿನಲ್ಲೇ ಕೂಗಿದ್ದು. ಆದರೆ ಕೂಗಿದ್ದು ಅಪ್ಪನನ್ನೇ.

ನಾನು ಮೆಲ್ಲಗೆ ನನ್ನ ಕೋವಿ ಎತ್ತಿಕೊಂಡು ಮರದ ಹಿಂದೆ ಹೋಗಿ ಕಡ್ಡಿ ಇಳಿಸಿ ನೋಡಿದೆ. ಖಾಲಿ ಇತ್ತು. ಸುಳ್ಳು ಯಾಕೆ ಹೇಳಲಿ, ಎರಡು ಸಲ ಇಳಿಸಿ ನೋಡಿದೆ. ಆಚೆ ಮರದ ಹಿಂದೆ ಆ ಹಿರಿಯರೂ ಕಡ್ಡಿ ಹಿಡಿದು ನಿಂತಿದ್ದರು.

ವಾಪಸು ಬಂದಾಗ ಪೂಣಚ್ಚ ಬೊಳ್ಳಮ್ಮನ ಎದುರು ನಿಂತಿದ್ದ. ಡಬ್ಬಿಯೊಳಗಿನ ಹುಲ್ಲಿನ ಉಂಡೆಯನ್ನೇ ನೋಡುತ್ತಿದ್ದ. ಅದನ್ನು ಜಡಿದ ಅಜ್ಜ ಅವನಿಗೂ ಅಜ್ಜನೇ ತಾನೇ.

"ಅಕ್ಕ" ಅಂದ. "ಆವತ್ತು ನಾನು ನಗಬಾರದಿತ್ತು."

"ನಗಬಾರದಿತ್ತು."

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

ಬೊಳ್ಳಮ್ಮ ಅವನನ್ನು ನೋಡಿದಳು. ಆಮೇಲೆ ಬಿದ್ದಪ್ಪಜ್ಜನನ್ನು ನೋಡಿದಳು.

"ಇಲ್ಲ" ಅಂದಳು. "ನಿನ್ನ ಮೇಲೂ ಇಲ್ಲ, ಅಪ್ಪನ ಮೇಲೂ ಇಲ್ಲ, ಈ ಅಜ್ಜನ ಮೇಲೂ ಇಲ್ಲ. ಎಲ್ಲ ಖಾಲಿ."

ಅಜ್ಜ ಮೇಜಿನ ಮೇಲಿದ್ದ ಕಬ್ಬಿಣದ ಕಡ್ಡಿ ಎತ್ತಿ ಅವಳ ಕೈಗೆ ಕೊಟ್ಟ.

"ಬಾಯಲ್ಲಿ ಹೇಳಬೇಡ. ಕಡ್ಡಿ ಇಳಿಸಿ ನೋಡು."